ಐದನೆಯ ಪದ್ಯ

ನನ್ನ ಭಾವ ಸಮಾಧಾನಪ್ಪನವರು ಬಾಯಿ ತೆರೆದು ಮಾತಾಡಿದ್ದಕ್ಕಿಂತ ಬಾಯಿ ಮುಚ್ಚಿಕೊಂಡು ಗುಂಯ್‌ಗುಟ್ಟಿದ್ದೇ ಹೆಚ್ಚು. ಸೊಪ್ಪು ಸೋಸುವಾಗ, ಚಪ್ಪಲಿ ಹುಡುಕುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅವರ ಎದೆಯಿಂದ ಒಂದು ತಗ್ಗು ಸ್ವರ ಹೊರಡುತ್ತಲೇ ಇರುತ್ತಿತ್ತು. ಪಕ್ಕದವರು ಬಸ್ಸಿನ ಎಂಜಿನ್ನಿಗೆ ಏನೋ ಆಗಿದೆ ಎಂದುಕೊಂಡು ಡ್ರೈವರ್ ಕಡೆ ನೋಡುತ್ತಿದ್ದರು. ನಮ್ಮಕ್ಕ ಸುಗುಣ ಮದುವೆಯಾದ ಹೊಸತರಲ್ಲಿ, "ನಿಮ್ಮ ಭಾವ ನಿದ್ದೇಲೂ ಬೇಸ್ ಹಾಡ್ತಾರೆ ಕಣೇ" ಎಂದು ನನ್ನ ಹತ್ತಿರ ದೂರಿ ನಗುತ್ತಿದ್ದಳು. ಈಗ ಅಕ್ಕ ಇಲ್ಲ. ಭಾವ ಇದ್ದಾರೆ, ಆದರೆ ಆ ಸದ್ದು ನಿಂತುಹೋಗಿದೆ. ಅದು ಹೇಗೆ ನಿಂತಿತು ಎಂದು ಹೇಳುವುದಕ್ಕೇ ಕೂತಿದ್ದೇನೆ.

ಭಾವನದು ದೊಡ್ಡ ಬದುಕೇನಲ್ಲ. ಅವರ ಅಪ್ಪ ದೇವದಾನಪ್ಪ ಗದಗಿನ ಬೆಟಗೇರಿಯಿಂದ ಬಂದು ಇಲ್ಲಿ ಮಿಲ್ಲಿನ ಕೆಲಸಕ್ಕೆ ಸೇರಿದವರು. ಭಾವ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಲೇತ್ ಮಷಿನ್ ಮುಂದೆ ನಿಂತೇ ತಲೆ ನರೆಸಿಕೊಂಡರು. ಚಂದ್ರಾ ಲೇಔಟಿನಲ್ಲಿ ಒಂದು ಮನೆ ಮಾಡಿದರು. ಕೆಳಗೆ ಅವರು, ಅಕ್ಕ, ಮಗಳು ಅನು. ಮೇಲೆ, ಗಂಡ ತೀರಿಕೊಂಡ ಮೇಲೆ, ನಾನು. ಅಕ್ಕ ಜ್ವರ ಎಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಅಲ್ಲಿಂದ ಮುಂದೆ ಭಾವ ಯಾರಾದರೂ ಹೊರಗೆ ಹೊರಟರೆ ಗೇಟಿನ ತನಕ ಬಂದು ನಿಲ್ಲುವುದನ್ನು ಕಲಿತರು. ಅನು ಬಸವೇಶ್ವರನಗರದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಹೋಗುವಳು. ಅವಳ ಸ್ಕೂಟರ್ ತಿರುವಿನಲ್ಲಿ ಮರೆಯಾದ ಮೇಲೂ ಅವರು ಗೇಟು ಹಿಡಿದುಕೊಂಡೇ ಇರುತ್ತಿದ್ದರು. "ಒಳಗ್ ಬನ್ನಿ ಭಾವ, ರೋಡ್ ಏನೂ ಓಡೋಗಲ್ಲ" ಎಂದು ನಾನು ಮೇಲಿಂದ ಕೂಗುತ್ತಿದ್ದೆ.

ಅವರಿಗೆ ಉಳಿದಿದ್ದ ಒಂದೇ ಸುಖ ವಿಜಯನಗರದ ನಮ್ಮ ಕ್ರೈಸ್ತ ಸಭೆಯ ಕ್ವಯರ್, ಅಂದರೆ ಹಾಡುವ ತಂಡ. ಮಾರ್ಕೆಟ್ಟಿನ ಹಿಂದಿನ ಸಣ್ಣ ದೇವಾಲಯ ನಮ್ಮದು. ಮೆಟ್ರೊ ಹೋದಾಗಲೆಲ್ಲ ಕಿಟಕಿಯ ಗಾಜು ಅದುರುತ್ತದೆ, ಪ್ರಾಕ್ಟೀಸು ನಿಲ್ಲಿಸಿ ಕಾಯಬೇಕು. ಭಾವ ಗಂಡಸರ ತೀರಾ ತಗ್ಗು ದನಿಯ ಬೇಸ್ ಸಾಲಿನಲ್ಲಿ, ನಾನೂ ಅನುವೂ ಹೆಂಗಸರ ತಗ್ಗು ದನಿಯ ಆಲ್ಟೊ ಸಾಲಿನಲ್ಲಿ. ನಮ್ಮ ಕ್ವಯರಿನಲ್ಲಿ ದೇವದಾನಪ್ಪನವರ ಕಾಲದಿಂದ ಬಂದ ಒಂದು ಕಟ್ಟುನಿಟ್ಟಿದೆ. ಆರ್ಗನ್ ಇಲ್ಲದ ಹಾಡುಗಳಿಗೆ ಬೇಸಿನ ಹಿರಿಯರು ಬಾಯಿ ಮುಚ್ಚಿ ತಗ್ಗಿನ ಡೋ, ಅಂದರೆ ಷಡ್ಜ, ಕೊಡುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ಉಳಿದವರು ಎತ್ತಿಕೊಳ್ಳಬೇಕು. ಸೀನು ಬರಲಿ, ಕೆಮ್ಮು ಬರಲಿ, ತಡ ಮಾಡುವಂತಿಲ್ಲ. ಕೊಟ್ಟ ಸ್ವರಕ್ಕೆ ಉತ್ತರ ಬರದಿದ್ದರೆ ಹಾಡು ಬಿದ್ದಂತೆ ಎಂದು ದೇವದಾನಪ್ಪನವರು ಹೇಳುತ್ತಿದ್ದರಂತೆ. ಈ ಪಾಠ ನಮಗೆಲ್ಲ ಎಷ್ಟು ಮೈಗೂಡಿದೆ ಎಂದರೆ ಅಡುಗೆಮನೆಯಲ್ಲಿದ್ದಾಗ ಭಾವ ಕೆಳಗೆ ಗುಂಯ್ ಎಂದರೆ ಮೇಲೆ ನಾನು ಸೌಟು ಹಿಡಿದುಕೊಂಡೇ ಮೇಲಿನ ಸ್ವರ ಹಿಡಿಯುತ್ತಿದ್ದೆ.

ಇನ್ನು ಆ ಹಾಡಿನ ವಿಷಯ. ಕ್ರಿಸ್‌ಮಸ್ಸಿಗೆ ನಮ್ಮವರು ಹಾಡುವ ಒಂದು ಹಳೆಯ ಕೀರ್ತನೆ ಇದೆ, ಎಲ್ಲರೂ ಗೋದಲಿ ಹಾಡು ಅನ್ನುತ್ತಾರೆ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ಮರದ ತೊಟ್ಟಿ. ಯೇಸುಕಂದನನ್ನು ಮೊದಲು ಮಲಗಿಸಿದ್ದು ಅದರಲ್ಲಿ. ಮೊದಲ ನಾಲ್ಕು ಪದ್ಯಗಳು ಎಲ್ಲೆಡೆ ಅವೇ, ಹಾಡುವ ಬಗೆ ಮಾತ್ರ ಬೇರೆ ಬೇರೆ. ಮನೆಮನೆಗೆ ಹೋಗುವಾಗ ಹಾರ್ಮೋನಿಯಂ, ಡೋಲಕ್ ಇಟ್ಟುಕೊಂಡು ಭಜನೆಯಂತೆ ಹಾಡುತ್ತೇವೆ, ಮಕ್ಕಳು ಕುಣಿಯುತ್ತವೆ. ದೇವಾಲಯದಲ್ಲಿ ಮಿಷನ್ ಕಾಲದಿಂದ ಬಂದ ನಾಲ್ಕು ದನಿಗಳ ಧಾಟಿ. ಮೂರನೆಯದು ದೇವದಾನಪ್ಪನವರು ಮಿಲ್ಲಿನಿಂದ ಬಂದು ರಾತ್ರಿಯೆಲ್ಲ ಕೂತು ತಾವೇ ಕಟ್ಟಿದ್ದು. ಅದರಲ್ಲಿ ಮೊದಲ ನಾಲ್ಕು ಪದ್ಯಗಳಿಗೆ ನಾಲ್ಕು ದನಿಗಳೂ ಒಂದರ ಮೇಲೊಂದು ಏರುತ್ತಾ ಹೋಗುತ್ತವೆ. ಅವರ ಧಾಟಿಯಲ್ಲಿ ಮಾತ್ರ ಇರುವ ಐದನೆಯ ಪದ್ಯ ಬಂದಾಗ ಎಲ್ಲರೂ ಬಾಯಿ ಮುಚ್ಚಿಬಿಡಬೇಕು, ಬರೀ ಗುಂಯ್ ಎನ್ನುತ್ತಿರಬೇಕು. ಅದರ ಅಡಿಯಲ್ಲಿ ಒಬ್ಬನೇ ಬೇಸ್ ಗೋದಲಿಯ ಮರವನ್ನು ಕೇಳುತ್ತಾನೆ:

ಇಂದು ತೊಟ್ಟಿಲಾದ ಮರವೇ,
ನಾಳೆ ಯಾರ ಹೊರುವೆ ನೀನು?
ಎಳೆಯ ಮೈಯ ಬಿಸಿಯ ಬಲ್ಲೆ,
ಮೊಳೆಯ ನೋವ ಬಲ್ಲೆಯೇನು?

ತೊಟ್ಟಿಲಾದ ಮರವೇ ಶಿಲುಬೆಯೂ ಆಗುತ್ತದೆ ಎಂಬುದು ಅರ್ಥ. ಹಬ್ಬದ ದಿನ ಕೇಕಿನ ವಾಸನೆ ಬರುವ ಹೊತ್ತಿಗೆ ಅದನ್ನು ಕೇಳಿದರೆ ಶುಭಶುಕ್ರವಾರವೇ ಬಂದಂತಾಗುತ್ತದೆ. ಅದನ್ನು ಮೊದಲು ಹಾಡಿದವರು ದೇವದಾನಪ್ಪನವರೇ. ಈಸ್ಟರ್ ಬರುವುದರೊಳಗೆ ಎದೆ ಹಿಡಿದುಕೊಂಡು ಹೋದರು. ಮರುವರ್ಷ ಹಾಡಿದ ಮೇಷ್ಟರೊಬ್ಬರು ಮಳೆಗಾಲದಲ್ಲಿ ತೀರಿಕೊಂಡರು. ಇಬ್ಬರಿಗೂ ವಯಸ್ಸಾಗಿತ್ತು, ಯಾರೂ ಏನೂ ಅನ್ನಲಿಲ್ಲ. ಮೂರನೆಯವರು ಬ್ಯಾಂಕಿನಲ್ಲಿದ್ದ ಪ್ರಸನ್ನಕುಮಾರ್. ನಲವತ್ತು ದಾಟಿರಲಿಲ್ಲ, ಕಾಮಾಲೆ ಬಂತು, ಹೋದರು. ಆಮೇಲೆ ಜನರ ಬಾಯಿಗೆ ಬೀಗ ಹಾಕುವವರು ಯಾರು? ಐದನೆಯ ಪದ್ಯ ಹಾಡಿದವನು ಮುಂದಿನ ಕ್ರಿಸ್‌ಮಸ್ ನೋಡುವುದಿಲ್ಲ ಎಂದು ಮಾತು ಹುಟ್ಟಿತು. ಮೂಢನಂಬಿಕೆ ಪಾಪ ಎಂದು ಭಾನುವಾರ ತಲೆಯಾಡಿಸುವ ನಮ್ಮವರೇ ಆ ಪದ್ಯ ಬಂದಾಗ ಬರೀ ಗುಂಯ್ ಎಂದು, ನಡುವಿನ ಹಾಡನ್ನು ಬಿಟ್ಟು, ಆಮೆನ್ ಹೇಳಿ ಕೂರಲು ಶುರು ಮಾಡಿದರು. ಕೇಳುವವರಿಗೆ ಊಟದೆಲೆಯಲ್ಲಿ ಅನ್ನವೇ ಇಲ್ಲದೆ ಪಲ್ಯ ಬಡಿಸಿದಂತೆ ಇರುತ್ತಿತ್ತು. ಭಾವ ತಮ್ಮಪ್ಪ ಕಟ್ಟಿದ ಹಾಡಿನ ಆ ಖಾಲಿ ಜಾಗದಲ್ಲಿ ವರ್ಷವರ್ಷವೂ ತಲೆ ತಗ್ಗಿಸಿ ನಿಲ್ಲುತ್ತಿದ್ದರು.

ಹೋದ ವರ್ಷ ಹೊಸ ಅಯ್ಯನವರು ಬಂದರು. ನಮ್ಮ ಸಭೆಯಲ್ಲಿ ಪಾದ್ರಿಗಳನ್ನು ಅಯ್ಯನವರು ಅನ್ನುತ್ತೇವೆ. ಇವರು ಕಿರಿಯರು, ಚುರುಕಿನವರು, ಹೆದರಿಕೆಯ ಮಾತು ಕೇಳಿದರೆ ಮುಖ ಕೆಂಪಾಗುತ್ತಿತ್ತು. "ಕ್ರಿಸ್‌ಮಸ್ ದಿನ ಒಂದು ಪದ್ಯಕ್ಕೆ ಹೆದರಿಕೊಂಡು ಬಾಯಿ ಮುಚ್ಕೊಳೋ ಸಭೆ, ಮರಣವನ್ನ ಗೆದ್ದವನನ್ನ ನಂಬ್ತೀವಿ ಅಂತ ಹೇಗೆ ಹೇಳುತ್ತೆ? ಈ ಸಲ ಐದೂ ಪದ್ಯ ಹಾಡ್ತೀವಿ" ಎಂದು ಪ್ರಾಕ್ಟೀಸಿನಲ್ಲೇ ಹೇಳಿಬಿಟ್ಟರು. ಮೆಟ್ರೊ ಹೋಯಿತು. ಕಿಟಕಿಯ ಗಾಜು ಅದುರಿ ನಿಂತಿತು.

ಭಾವ ಕೈಯೆತ್ತಿದರು. "ನಮ್ಮಪ್ಪ ಕಟ್ಟಿದ್ದು ಅಯ್ಯನವರೇ, ನಾನೇ ಹಾಡ್ತೀನಿ."

ಹಾಡಿದರು ಕೂಡ. ಮೊದಲ ಸಾಲು ಬಂತು. 'ನಾಳೆ' ಎನ್ನುವಲ್ಲಿ ಸ್ವರ ಪಾತಾಳಕ್ಕೆ ಇಳಿಯಬೇಕು. ಅಲ್ಲಿ ಬರೀ ಗಾಳಿ ಬಂತು. ಇನ್ನೊಮ್ಮೆ ಹಾಡಿದರು, ಮತ್ತೆ ಗಾಳಿ. ವಯಸ್ಸು ಅರವತ್ತೆಂಟು, ಗಂಟಲು ಎಷ್ಟೆಂದು ತಡೆದೀತು? ಅಯ್ಯನವರು ಮೆಲ್ಲಗೆ ಅವರ ಬೆನ್ನು ಸವರಿ, ಪಕ್ಕದಲ್ಲಿ ನಿಂತಿದ್ದ ಅಮರೇಶನ ಕಡೆ ತಿರುಗಿದರು. ನನ್ನ ಪಕ್ಕದಲ್ಲಿ ಅನು ನನ್ನ ಮೊಣಕೈ ಹಿಡಿದುಕೊಂಡಳು. ಅವಳ ಉಗುರು ಚುಚ್ಚಿದ್ದು ಮನೆಗೆ ಹೋಗಿ ನೋಡಿಕೊಂಡಾಗ ಗೊತ್ತಾಯಿತು.

ಅಮರೇಶ ಯಾರು ಎಂದು ಹೇಳದೆ ಮುಂದೆ ಹೋಗಲಾರೆ. ಬೆಟಗೇರಿಯ ಹುಡುಗ, ಅಲ್ಲಿಯ ಸಭೆಯವನೇ. ಡಿಗ್ರಿ ಮುಗಿಸಿ ಇಲ್ಲಿಗೆ ಬಂದು ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದ. ನಂದಿನಿ ಲೇಔಟಿನಲ್ಲಿ ನಾಲ್ಕು ಹುಡುಗರ ಜೊತೆ ರೂಮು. ಒಂದು ಭಾನುವಾರ ಕೊನೆಯ ಬೆಂಚಿನಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಎಲ್ಲರ ಜೊತೆ ಕೀರ್ತನೆ ಹಾಡಿದ. ಭಾವ ಆರಾಧನೆಯ ಮಧ್ಯೆಯೇ ಹಿಂತಿರುಗಿ ನೋಡಿದ್ದು ಅವರ ಜೀವಮಾನದಲ್ಲಿ ಅದೊಂದೇ ಸಲ. ಅಷ್ಟು ಚೆನ್ನಾದ ಬೇಸ್. ಅದೇ ವಾರ ಅವನನ್ನು ಮನೆಗೆ ಊಟಕ್ಕೆ ಕರೆದರು. ನಮ್ಮ ಮುದ್ದೆಯನ್ನು ಅಗಿಯುತ್ತಾ ಕೂತವನನ್ನು ಕಂಡು ಅನು ನಕ್ಕಳು. "ನುಂಗಬೇಕು ಕಣ್ರೀ, ಅಗೀಬಾರ್ದು" ಎಂದು ಕಲಿಸಿಕೊಟ್ಟಳು. ಆಮೇಲೆ ಅವನು ಮುದ್ದೆ ನುಂಗಲು ಬೇಡವೆಂದರೂ ಬರತೊಡಗಿದ. ಹುಡುಗ ಹುಡುಗಿ ಒಪ್ಪಿದರು, ಭಾವ ಬಾಯಿ ತುಂಬ ಒಪ್ಪಿದರು. ಈಸ್ಟರ್ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಇಂಥ ಹೊತ್ತಿನಲ್ಲಿ ಅಯ್ಯನವರ ಬೆರಳು ಅವನ ಕಡೆ ತಿರುಗಿತು.

ಅವತ್ತು ಸಂಜೆ ಮನೆಯಲ್ಲಿ ಭಾವ ಅವನನ್ನು ಎದುರಿಗೆ ಕೂರಿಸಿಕೊಂಡು ಮೂರು ಸಾವಿನ ಕತೆಯನ್ನೂ ಹೇಳಿದರು. "ನಂಗೆ ಇಷ್ಟ ಇಲ್ಲಪ್ಪ. ಗಂಟಲು ಕೆಟ್ಟಿದೆ ಅಂತ ಹೇಳ್ಬಿಡು."

ಅಮರೇಶ ನಕ್ಕ. "ಕಾಕಾರ, ನಾ ದಿನಾ ಸುಮನಹಳ್ಳಿ ರಿಂಗ್ ರೋಡ್‌ನ್ಯಾಗ ಲಾರಿ ನಡುವ ಗಾಡಿ ಹೊಡಿತೀನ್ರಿ. ಅದಕ್ಕ ಅಂಜದಾಂವ ಹಾಡಿಗೆ ಅಂಜಲ್ಯಾ? ನೀವ ಕಲಸ್ರಿ, ನಾ ಹಾಡ್ತೀನಿ. ನಿಮ್ಮ ಅಪ್ಪಾರ ಹಾಡ ಹಂಗ ಅರ್ಧಾಕ್ಕ ನಿಂತದ್ದು ನನಗ ಸೇರಂಗಿಲ್ರಿ."

ಹೆದರಿಕೆ ಎಂದರೆ ಹಳೇ ಕಾಲದವಳು ಎನ್ನಿಸಿಕೊಳ್ಳಬೇಕಲ್ಲ ಎಂದು ಅನು ಅವನನ್ನು ತಡೆಯಲಿಲ್ಲ ಅಂತ ನನಗೆ ಗೊತ್ತು. ನಾನೂ ತಡೆಯಲಿಲ್ಲ. ಆ ಧಾಟಿ ಪೂರ್ತಿಯಾಗಿ ಬಲ್ಲವರು ಭಾವ ಒಬ್ಬರೇ. ಹಾಗಾಗಿ ಮಗಳ ಗಂಡನಾಗುವವನಿಗೆ ಆ ಪದ್ಯವನ್ನು ಅವರೇ ಕೂತು ಹೇಳಿಕೊಡಬೇಕಾಯಿತು. ಡಿಸೆಂಬರ್ ಪೂರಾ ನಮ್ಮ ಹಾಲಿನಲ್ಲಿ 'ನಾಳೆ ಯಾರ ಹೊರುವೆ' ಎನ್ನುವ ಸಾಲು ಮತ್ತೆ ಮತ್ತೆ ಕೇಳಿಸುತ್ತಿತ್ತು, ಅದರ ನಡುವೆಯೇ ನಾನು ನಕ್ಷತ್ರದ ದೀಪ ಕಟ್ಟಿದೆ.

ಕ್ರಿಸ್‌ಮಸ್ ಬೆಳಗಿನ ಆರಾಧನೆ. ನಾಲ್ಕು ಪದ್ಯಗಳು ಮೇಲೇರಿ ನಿಂತವು. ಭಾವ ಡೋ ಕೊಟ್ಟರು. ನಾವೆಲ್ಲ ಬಾಯಿ ಮುಚ್ಚಿ ಎತ್ತಿಕೊಂಡೆವು. ಅಮರೇಶ ಒಬ್ಬನೇ ಹಾಡಿದ. ಎಷ್ಟೋ ವರ್ಷಗಳ ನಂತರ ಆ ಮಾತುಗಳು ಆ ಗೋಡೆಗಳಿಗೆ ಕೇಳಿಸಿದವು. 'ನಾಳೆ' ಎನ್ನುವಲ್ಲಿ ಅವನ ದನಿ ನೆಲಕ್ಕಿಂತಲೂ ಕೆಳಗೆ ಇಳಿದು ನಿಂತಿತು. ನಿಜ ಹೇಳುತ್ತೇನೆ, ಅಷ್ಟು ಚೆಂದವಾದದ್ದನ್ನು ನಾನು ಕೇಳಿಯೇ ಇಲ್ಲ. ಹಾಗೆಯೇ ಅಷ್ಟು ಹೆದರಿದ್ದೂ ಇಲ್ಲ. ಭಾವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅತ್ತದ್ದು ಅಪ್ಪನ ಹಾಡು ಪೂರ್ತಿಯಾದ ಸಂತೋಷಕ್ಕೋ ಹೆದರಿಕೆಗೋ ಎಂದು ಅವರೇ ಆಮೇಲೆ ನನ್ನನ್ನು ಕೇಳಿದರು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಬಂದು ಅಮರೇಶನ ಕೈ ಕುಲುಕಿದರು. ಕುಲುಕಿ ಬಿಡಲಿಲ್ಲ, ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಸಾವಿನ ಮನೆಯಲ್ಲಿ ಹೀಗೆ ಹಿಡಿಯುತ್ತಾರೆ. ನಮ್ಮ ಸಾಲಿನ ಹಿರಿಯರಾದ ಸುವಾರ್ತಮ್ಮ ಅವನ ತಲೆ ನೇವರಿಸಿ, "ಜೋಪಾನ ಕಣಪ್ಪ, ಗಾಡಿ ನಿಧಾನ್ವಾಗಿ ಓಡ್ಸು" ಎಂದು ಎರಡು ತುಂಡು ಕೇಕ್ ಹೆಚ್ಚಾಗಿ ಕೊಟ್ಟರು. ಅವರಿವರು ಅವನನ್ನು ನೋಡುತ್ತಿದ್ದ ನೋಟಕ್ಕೆ ನನಗೆ ಮೈಯೆಲ್ಲ ಉರಿಯಿತು. ಬದುಕಿರುವ ಹುಡುಗನನ್ನು ಹಾಗೆ ನೋಡುತ್ತಾರೆಯೇ? ಅಮರೇಶನಿಗೆ ಮಾತ್ರ ಅದ್ಯಾವುದೂ ತಟ್ಟಲಿಲ್ಲ. ಕೇಕ್ ತಿಂದು, ಅನುಗೆ ಕಣ್ಣು ಹೊಡೆದು, ಹಬ್ಬದ ದಿನ ಆರ್ಡರ್ ಜಾಸ್ತಿ ಎಂದು ಮಧ್ಯಾಹ್ನವೇ ಡ್ಯೂಟಿಗೆ ಹೋದ.

ಭಾವನ ಫೋನು ಶುರುವಾದದ್ದು ಅವತ್ತೇ. ಊಟದ ತಟ್ಟೆ ಮುಂದಿಟ್ಟುಕೊಂಡು ಕರೆ ಮಾಡಿದರು. "ಎಲ್ಲಿದೀಯಪ್ಪ? ಸರಿ, ಸರಿ." ಸಂಜೆ ಇನ್ನೊಮ್ಮೆ. ಮರುದಿನ ಬೆಳಿಗ್ಗೆ, ಮಧ್ಯಾಹ್ನ. ಹೊಸ ವರ್ಷ ಬರುವ ಹೊತ್ತಿಗೆ ಗಂಟೆಗೊಮ್ಮೆಯಾಯಿತು. ಟಿವಿಯಲ್ಲಿ ಯಾವುದಾದರೂ ಅಪಘಾತದ ಸುದ್ದಿ ಬಂದರೆ, ಆಂಬುಲೆನ್ಸ್ ಸದ್ದು ಕೇಳಿದರೆ, ನಾಯಿ ಊಳಿಟ್ಟರೆ, ಫೋನು ಕೈಗೆ ಬರುತ್ತಿತ್ತು. ಆ ಹುಡುಗನ ತಾಳ್ಮೆ ದೊಡ್ಡದು, ಒಮ್ಮೆಯೂ ಬೇಸರಿಸಲಿಲ್ಲ. ಒಂದು ದಿನ ಅವನೇ ಉಪಾಯ ಹೇಳಿದ: "ಮಾತ್ ಬ್ಯಾಡ್ರಿ ಕಾಕಾರ, ಗಿರಾಕಿ ಮುಂದ ನಿಂತಿರ್ತೀನಿ. ನೀವ ಡೋ ಕೊಡ್ರಿ, ನಾ ಎತ್ಕೋತೀನಿ. ಅಷ್ಟ ಸಾಕು, ಅದಾನ ಅಂತ ತಿಳೀತದ."

ಅಂದಿನಿಂದ ಹಾಗೆಯೇ. ಭಾವ ನಂಬರ್ ಒತ್ತುವರು, ಸ್ಪೀಕರ್ ಹಾಕುವರು, ಕಣ್ಣು ಮುಚ್ಚಿ ಗುಂಯ್ ಎನ್ನುವರು. ಆ ಕಡೆಯಿಂದ, ಹಾರ್ನುಗಳ ಮಧ್ಯೆ, ಅದೇ ಸ್ವರ ತುಂಬಿ ಬರುವುದು. ಭಾವನ ಭುಜ ಇಳಿಯುವುದು. ಫೋನ್ ಇಡುವರು. ಮೊದಮೊದಲು ನನಗೂ ನಗು ಬಂತು. ಒಂದು ದಿನ ಉತ್ತರದ ಸ್ವರದ ಹಿಂದೆ ಬೈಕಿನ ಎಂಜಿನ್ ಓಡುತ್ತಿರುವುದು ಕೇಳಿಸಿತು.

"ಭಾವ, ಅವನು ಗಾಡಿ ಓಡಿಸ್ತಾನೇ ಎತ್ತಿದಾನೆ" ಎಂದೆ.

"ಕಿವಿಯಲ್ಲಿ ಅದೇನೋ ಸಿಗಿಸ್ಕೊಂಡಿರ್ತಾನೆ. ಒಂದು ಬಟನ್ ಒತ್ತಿದ್ರೆ ಆಯ್ತಂತೆ."

"ಒತ್ತೋಕೆ ಕೈ ಬೇಡ್ವಾ?"

ಭಾವ ಮುಖ ತಿರುಗಿಸಿದರು. ಅಷ್ಟಕ್ಕೆ ಬಿಡುವವಳಲ್ಲ ನಾನು, ಅನುಗೆ ಹೇಳಿದೆ. ಅವಳು ಕೆಲಸದಿಂದ ಬಂದು ಬ್ಯಾಗು ಇಳಿಸದೆಯೇ ಅಪ್ಪನ ಮುಂದೆ ನಿಂತಳು. "ಅಪ್ಪಾ, ಅವರಿಗೂ ಹೇಳ್ದೆ, ಗಾಡಿ ಮೇಲಿದ್ದಾಗ ಎತ್ಬೇಡಿ ಅಂತ. ಏನಂದ್ರು ಗೊತ್ತಾ? 'ಕಾಕಾರು ಸ್ವರ ಕೊಟ್ಟಾಗ ಎತ್ಲಿಲ್ಲಾಂದ್ರ ಹ್ಯಾಂಗ' ಅಂದ್ರು. ನೀವೇ ಬಿಡ್ಬೇಕು. ಅವರು ಬಿಡಲ್ಲ."

"ಇನ್ಮೇಲೆ ರಾತ್ರಿ ಒಂದ್ಸಲ ಮಾತ್ರ ಮಾಡ್ತೀನಮ್ಮ" ಎಂದರು ಭಾವ.

"ಪ್ರಾಮಿಸ್?"

"ಪ್ರಾಮಿಸ್ ಕಣಮ್ಮ."

ಕೆಲವು ದಿನ ಮಾತು ಉಳಿಸಿಕೊಂಡರು. ಆಮೇಲೆ ಅನು ಕೆಲಸಕ್ಕೆ ಹೋದ ಮೇಲೆ ಟೆರೇಸಿಗೆ ಬಟ್ಟೆ ತೆಗೆಯುವ ನೆಪದಲ್ಲಿ ಹೋಗಿ ಕರೆ ಮಾಡುವುದು ನನಗೆ ಕೇಳಿಸಿತು. ಒಣಗಿದ ಬಟ್ಟೆಗಳ ಮಧ್ಯೆ ನಿಂತು ಗುಂಯ್ ಎನ್ನುವರು. ನಾನು ಎದುರಿಗೆ ಹೋಗಿ ನಿಂತರೆ ಕಳ್ಳನಂತೆ ನೋಡಿ, "ಒಂದೇ ಒಂದು, ಇದೇ ಕೊನೆ" ಎನ್ನುವರು. ಆ ಮುಖ ನೋಡಿದರೆ ಬೈಯಲು ಮನಸ್ಸು ಬರುತ್ತಿರಲಿಲ್ಲ. ಅಕ್ಕನನ್ನು ಆಸ್ಪತ್ರೆಗೆ ಕಳಿಸಿ ಗೇಟಿನಲ್ಲಿ ನಿಂತಿದ್ದ ಮುಖವೇ ಅದು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಮದುವೆ ಸೀರೆ ತಂದಾಗಿತ್ತು, ಅನುವಿನ ಕುಪ್ಪಸಕ್ಕೆ ಅಳತೆ ಕೊಟ್ಟಾಗಿತ್ತು. ಆ ಸಂಜೆ ಇದ್ದಕ್ಕಿದ್ದಂತೆ ಜ್ಞಾನಭಾರತಿ ಕಡೆಯಿಂದ ಮೋಡ ಕವಿಯಿತು. ಬೇಸಿಗೆಯ ಮೊದಲ ಮಳೆ, ಜೊತೆಗೆ ಗಾಳಿ. ಕರೆಂಟು ಹೋಯಿತು. ಪಕ್ಕದ ರಸ್ತೆಯಲ್ಲಿ ಮರದ ಕೊಂಬೆ ಮುರಿದು ಬಿದ್ದ ಸದ್ದಾಯಿತು. ಅನು ಇನ್ನೂ ಬಂದಿರಲಿಲ್ಲ, ಲ್ಯಾಬಿನಲ್ಲೇ ಮಳೆ ನಿಲ್ಲಲೆಂದು ಕಾಯುತ್ತಿದ್ದಾಳೆ ಎಂದು ಮೆಸೇಜ್ ಬಂದಿತ್ತು. ನಾನು ಕೆಳಗೆ ಭಾವನ ಹಾಲಿನಲ್ಲಿ ಮೇಣದಬತ್ತಿ ಹಚ್ಚುತ್ತಿದ್ದೆ. ಅವರು ಕಿಟಕಿಯಿಂದ ಗೇಟಿಗೆ, ಗೇಟಿನಿಂದ ಕಿಟಕಿಗೆ ತಿರುಗಿದರು. ಕೊನೆಗೆ ಫೋನು ತೆಗೆದರು.

"ಬೇಡ ಭಾವ, ಈ ಮಳೇಲಿ ಬೇಡ" ಎಂದೆ.

"ಈ ಮಳೇಲೇ ಅಲ್ವಾ ಮಾಡ್ಬೇಕಾಗಿರೋದು?"

ರಿಂಗಾಯಿತು. ಬಹಳ ಹೊತ್ತು ರಿಂಗಾಗಿ ನಿಂತಿತು. ಭಾವ ಮತ್ತೆ ಒತ್ತಿದರು. ಈ ಸಲ ಎತ್ತಿಕೊಂಡ. ಗಾಳಿಯ ಸದ್ದು, ನೀರಿನಲ್ಲಿ ಚಕ್ರ ಓಡುವ ಸದ್ದು. ಭಾವ ಗುಂಯ್ ಎಂದರು. ಒಂದು ಕ್ಷಣಕ್ಕೆ ಉತ್ತರ ಬಂತು, ಹೆಲ್ಮೆಟ್ಟಿನೊಳಗಿಂದ, ತುಂಬಿದ, ನೆಟ್ಟಗಿನ ಸ್ವರ. ಅದು ಮುಗಿಯುವ ಮೊದಲೇ ಹಾರ್ನು ಕೇಳಿಸಿತು. ಸ್ವರ ತುಂಡಾಯಿತು. ಏನೋ ನೆಲಕ್ಕೆ ಉಜ್ಜಿಕೊಂಡು ಹೋದ ಸದ್ದಾಯಿತು.

ಲೈನು ಕಡಿಯಲಿಲ್ಲ. ಅದೇ ಘೋರ. ಮಳೆ ಬೀಳುತ್ತಲೇ ಇತ್ತು, ನಮಗೆ ಕೇಳುತ್ತಲೇ ಇತ್ತು. ಭಾವ ಮತ್ತೆ ಗುಂಯ್ ಎಂದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಎಂದರು. ಮೂರನೆಯ ಸಲ ಅವರ ಸ್ವರ ಅಳುವಿಗೆ ತಿರುಗಿತು. ಅದೇ ಕೊನೆ, ಮತ್ತೆ ಅವರ ಎದೆಯಿಂದ ಆ ಸದ್ದು ಹೊರಡಲಿಲ್ಲ. ಆಮೇಲೆ ಯಾರೋ ಅಪರಿಚಿತರ ದನಿ: "ಹಲೋ, ಸಾರ್, ಈ ಫೋನಿನ ಹುಡುಗ ನಿಮಗೇನಾಗ್ಬೇಕು ಸಾರ್? ಬೇಗ ಬನ್ನಿ ಸಾರ್, ಸುಮನಹಳ್ಳಿ ಹತ್ರ."

ಆ ದನಿ ಒಬ್ಬ ಆಟೊ ಡ್ರೈವರನದು. ಅವನೇ ಅಮರೇಶನನ್ನು ತನ್ನ ಆಟೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದಿದ್ದ. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪುಣ್ಯಾತ್ಮ, ಅಂಗಿಯೆಲ್ಲ ನೆನೆದು, ರಕ್ತವಾಗಿ, ಅಲ್ಲೇ ಕಾದು ನಿಂತಿದ್ದ. "ಗುಂಡಿ ಇತ್ತು ಸಾರ್, ನೀರು ತುಂಬಿತ್ತು. ಎರಡೂ ಕೈ ಹಿಡ್ಕಂಡಿದ್ರೆ ಸಂಭಾಳಿಸ್ತಿದ್ನೇನೋ. ಒಂದ್ ಕೈ ಎತ್ತಿ ಹೆಲ್ಮೆಟ್ ಹತ್ರ ಇಟ್ಟಿದ್ದ. ಹಿಂದೆ ಲಾರಿ" ಎಂದ. ಲ್ಯಾಬಿನಿಂದ ನೇರವಾಗಿ ಬಂದಿದ್ದ ಅನು ಅದನ್ನು ನಿಂತು ಕೇಳಿದಳು. ಅಪ್ಪನ ಮುಖ ನೋಡಲಿಲ್ಲ.

ಶವವನ್ನು ಬೆಟಗೇರಿಗೆ ಕೊಂಡೊಯ್ದೆವು. ಅವನ ತಾಯಿ ಮುತ್ತವ್ವ ಭಾವನ ಕೈ ಹಿಡಿದು, "ಆ ಪದ್ಯಾ ನಮ್ಮ ಹುಡುಗ ಯಾಕ ಹಾಡಿದ್ನ್ರೀ ಯಪ್ಪಾ?" ಎಂದು ಕೇಳಿದಳು. ಸುದ್ದಿ ನಮಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಭಾವ ಬಾಯಿ ತೆರೆದರು. ಆ ಹೊತ್ತಿಗೆ ಶವಪೆಟ್ಟಿಗೆ ಎತ್ತಿದರು, ಮಾತು ಅಲ್ಲೇ ಉಳಿಯಿತು.

ಈಸ್ಟರ್ ಕಳೆದು, ಮದುವೆ ಆಗಬೇಕಾಗಿದ್ದ ವಾರವೂ ಕಳೆದು, ಕ್ವಯರ್ ಮತ್ತೆ ಸೇರಿತು. ಅಯ್ಯನವರು ಇಳಿದುಹೋಗಿದ್ದರು. "ಇನ್ನು ಆ ಪದ್ಯವನ್ನು ಬಿಟ್ಟುಬಿಡೋಣ. ಹಾಡಿಸಿದ್ದು ನನ್ನ ತಪ್ಪು" ಎಂದರು. ಎಲ್ಲರೂ ತಲೆಯಾಡಿಸಿದರು. ನಾವು ಮೊದಲೇ ಹೇಳಿರಲಿಲ್ಲವೇ ಎನ್ನುವ ತೃಪ್ತಿ ಒಂದೆರಡು ಮುಖಗಳ ಮೇಲೆ ಇದ್ದದ್ದನ್ನು ನಾನು ಕಂಡೆ. ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಭಾವ ಎದ್ದು ನಿಂತರು. "ಪದ್ಯದ್ದು ತಪ್ಪಿಲ್ಲ. ಅಯ್ಯನವರದ್ದೂ ಅಲ್ಲ. ನಾನು ಫೋನ್ ಮಾಡ್ದೆ. ಬೇಡ ಅಂತ ಮಗಳು ಹೇಳಿದ್ಲು, ಪ್ರಾಮಿಸ್ ಮಾಡಿದ್ದೆ. ಮಳೇಲಿ ಎರಡು ಸಲ ಮಾಡ್ದೆ. ಅವನು ಎತ್ತೋಕೆ ಅಂತ ಕೈ ಬಿಟ್ಟ. ನಾನೇ ಕೊಂದೆ ಅವನನ್ನ."

ಕಿಟಕಿ ಅದುರಿತು. ರೈಲು ಹೋಯಿತು. ಸುವಾರ್ತಮ್ಮ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ನಾಟಕವಲ್ಲ, ನಿಜವಾದ ಮರುಕ. "ಹಂಗೆಲ್ಲಾ ಅನ್ಕೋಬೇಡಿ ಸಮಾಧಾನಣ್ಣ. ಹಾಡಿದ ದಿನವೇ ಬರ್ದಾಗಿತ್ತು. ನೀವು ಬರೀ ನೆಪ."

"ನೆಪ ಅಲ್ಲಮ್ಮ, ನಾನೇ—"

"ಸಾಕು, ಕೂತ್ಕೊಳಿ. ನಿಮ್ಮದೇನೂ ತಪ್ಪಿಲ್ಲ" ಎಂದು ಟೆನರ್ ಸಾಲಿನ ಗಂಡಸರೊಬ್ಬರು ನೀರು ತಂದುಕೊಟ್ಟರು. ಅಯ್ಯನವರು ಹೆಗಲ ಮೇಲೆ ಕೈ ಇಟ್ಟರು. ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಭಾವ ಮತ್ತೆ ಎರಡು ಸಲ ಹೇಳಲು ನೋಡಿದರು. ಪ್ರತಿ ಸಲವೂ ಯಾರಾದರೊಬ್ಬರು ಅವರ ಬಾಯಿಂದ ಆ ಮಾತನ್ನು ಪ್ರೀತಿಯಿಂದ ಕಿತ್ತುಕೊಂಡು ಪದ್ಯದ ಮೇಲೆ ಹಾಕಿದರು. ಕೊನೆಗೆ ಅವರು ಸುಮ್ಮನೆ ನೀರು ಕುಡಿದರು.

ಮನೆಗೆ ನಡೆದೇ ಹೊರಟೆವು. ಮಾರ್ಕೆಟ್ಟಿನಲ್ಲಿ ಸಂಜೆಯ ಜನ, ಹೂವಿನವರು, ಮಾವಿನ ಹಣ್ಣಿನ ಗಾಡಿಗಳು. ಅನು ಮುಂದೆ, ಭಾವ ಅವಳ ಪಕ್ಕದಲ್ಲಿ, ನಾನು ಎರಡು ಹೆಜ್ಜೆ ಹಿಂದೆ. ಆಸ್ಪತ್ರೆಯ ಆ ಸಂಜೆಯಿಂದ ಅನು ಅಪ್ಪನಿಗೆ ಊಟ ಬಡಿಸಿದ್ದಳು, ಮಾತ್ರೆ ಕೊಟ್ಟಿದ್ದಳು, ಒಂದು ಮಾತನ್ನೂ ಆಡಿರಲಿಲ್ಲ. ಚಂದ್ರಾ ಲೇಔಟಿನ ತಿರುವಿನಲ್ಲಿ ಭಾವ ನಿಂತರು.

"ಯಾರೂ ನಂಬ್ತಾ ಇಲ್ಲ ಕಣಮ್ಮ" ಎಂದರು. ಮಗುವಿನಂತೆ ದೂರಿದರು.

ಅನು ತಿರುಗಿ ಅವರನ್ನು ನೋಡಿದಳು. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ನೇರವಾಗಿ ನೋಡಿದಳು.

"ನಾನು ನಂಬ್ತೀನಪ್ಪ. ನಿಮ್ಮಿಂದಾನೇ ಆಗಿದ್ದು."

ಭಾವ ಅಲ್ಲೇ ಒಂದು ಅಂಗಡಿಯ ಮೆಟ್ಟಿಲಿನ ಮೇಲೆ ಕೂತು ಅತ್ತರು. ಬೆಟಗೇರಿಯಲ್ಲಿ ಅಳದವರು, ಈಗಷ್ಟೇ ದೇವಾಲಯದಲ್ಲೂ ಅಳದವರು, ರಸ್ತೆಯಲ್ಲಿ ಜನ ನೋಡುತ್ತಿರುವಂತೆ ಅತ್ತರು. ಅನು ಅವರನ್ನು ಮುಟ್ಟಲಿಲ್ಲ, ಬಿಟ್ಟೂ ಹೋಗಲಿಲ್ಲ. ಅವರು ಎದ್ದು ನಿಲ್ಲುವ ತನಕ ಪಕ್ಕದಲ್ಲೇ ನಿಂತಿದ್ದಳು. ನಾನು ಮುಂದೆ ಹೋಗಿ ಮನೆಯ ಬಾಗಿಲು ತೆಗೆದೆ.